ಕುಡಿತ ಬಿಡಲು ಜೊತೆ ಬೇಕು: ದಾವಣಗೆರೆ, ಚಿತ್ರದುರ್ಗದವರು ತಮಗೆ ಹೊಂದುವ ಮೀಟಿಂಗ್ ಹುಡುಕುವುದು ಹೇಗೆ?

ದಾವಣಗೆರೆಯಲ್ಲಿ ಬಾರ್ ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳಬೇಕಿಲ್ಲ. ಕುಡಿತ ಬಿಟ್ಟವರು ಕೂತು ಮಾತಾಡುವ ಜಾಗ ಎಲ್ಲಿದೆ ಎಂದು ಕೇಳಿ ನೋಡಿ, ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅಂಥ ಜಾಗಕ್ಕೆ ಬೋರ್ಡು ಇರುವುದು ಅಪರೂಪ. ಯಾವುದೋ ಶಾಲೆಯ ಕೊಠಡಿ, ಚರ್ಚಿನ ಪಕ್ಕದ ಹಾಲ್, ಸಮುದಾಯ ಭವನದ ಒಂದು ಮೂಲೆ, ಆಸ್ಪತ್ರೆಯ ಒಂದು ರೂಮು. ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಬೆಂಗಳೂರಿನಂಥ ಊರಲ್ಲಿ ಹತ್ತಾರು ಮೀಟಿಂಗ್‌ಗಳಿರುತ್ತವೆ, ಆರಿಸಿಕೊಳ್ಳಬಹುದು. ನಮ್ಮ ಕಡೆ ಅಷ್ಟು ಆಯ್ಕೆ ಇಲ್ಲ. ಹಾಗಾಗಿ ಇಲ್ಲಿಯವರು ಸ್ವಲ್ಪ ಬೇರೆ ರೀತಿ ಹುಡುಕಬೇಕು. ನನ್ನ ಪ್ರಕಾರ ಹೊಂದುವ ಮೀಟಿಂಗ್ ಅಂದರೆ ಮುಂದಿನ ವಾರವೂ ಹೋಗಲು ಆಗುವ ಮೀಟಿಂಗ್. ದೂರ, ಸಮಯ, ಭಾಷೆ, ಅಲ್ಲಿ ಕೂತವರ ರೀತಿ, ಇವೆಲ್ಲವನ್ನೂ ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಮುಂದಿನ ವಾರ ಮತ್ತೆ ಬರುತ್ತೇನಾ?

ಮೀಟಿಂಗ್‌ಗೂ ಮೊದಲು ಡಾಕ್ಟರ್

ಇದನ್ನು ದಯವಿಟ್ಟು ಹಾರಿಸಿಕೊಂಡು ಹೋಗಬೇಡಿ. ದಿನಾ ಕುಡಿಯುವವರು "ನಾಳೆಯಿಂದ ಮುಟ್ಟಲ್ಲ" ಎಂದು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಕೊನೆಯ ಗ್ಲಾಸ್ ಆದ ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಂತಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ತಿಳಿದು ತಾಯತಕ್ಕೆ ಓಡುತ್ತಾರೆ. ಅದು ಗಾಳಿಯಲ್ಲ. ಮದ್ಯಕ್ಕೆ ಒಗ್ಗಿಹೋದ ಮೆದುಳು ಅದಿಲ್ಲದೆ ತೋರಿಸುವ ಪ್ರತಿಕ್ರಿಯೆ. ಆ ಹೊತ್ತಿಗೆ 108ಕ್ಕೆ ಫೋನ್ ಮಾಡಬೇಕು.

ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಿಲ್ಲುವುದಿಲ್ಲವಾ? ಹಿಂದೆ ಬಿಡಲು ಹೋದಾಗ ಫಿಟ್ಸ್ ಬಂದಿತ್ತಾ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಮೊದಲು ಮನೋರೋಗ ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಜಗಳೂರು, ಹೊಸದುರ್ಗ, ಮೊಳಕಾಲ್ಮೂರಿನಂಥ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ "ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ?" ಎಂದು ಕೇಳಿ. ಮನೋವೈದ್ಯರು ಮಂಗಳವಾರ ತಾಲ್ಲೂಕಿಗೆ ಬಂದು ನೋಡಲಿ ಎಂದೇ ಸರ್ಕಾರ ಮಾಡಿರುವ ಯೋಜನೆ ಅದು. ಡಾಕ್ಟರ್ ಬಳಿ ದಿನಕ್ಕೆ ಎಷ್ಟು ಎಂಬುದನ್ನು ಸರಿಯಾಗಿ ಹೇಳಿ. ಎರಡು ಕ್ವಾರ್ಟರ್ ಹೊಡೆಯುವವರು "ಒಂದು ನೈಂಟಿ ಅಷ್ಟೇ ಸರ್" ಎಂದರೆ ಔಷಧಿಯ ಲೆಕ್ಕವೂ ತಪ್ಪುತ್ತದೆ.

ಡಾಕ್ಟರ್ ಹತ್ತಿರ ಹೋದಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. "ಕುಡಿತ ಬಿಟ್ಟವರ ಗುಂಪು ಇಲ್ಲಿ ಯಾವುದಾದರೂ ನಡೆಯುತ್ತದಾ?" ಎಂದು ಡಾಕ್ಟರನ್ನೂ, ಅಲ್ಲಿನ ಆಪ್ತ ಸಮಾಲೋಚಕರನ್ನೂ ಕೇಳಿ. ಇಡೀ ಜಿಲ್ಲೆಯಲ್ಲಿ ಈ ಮಾಹಿತಿ ಹೆಚ್ಚಾಗಿ ಇರುವುದು ಅವರ ಹತ್ತಿರವೇ.

ಯಾವ ಯಾವ ಥರದ ಗುಂಪುಗಳಿವೆ?

ಪ್ರಪಂಚದಲ್ಲೆಲ್ಲ ಹೆಸರಾಗಿರುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಶೇರು ವ್ಯವಹಾರದ ಬಿಲ್ ಮತ್ತು ಶಸ್ತ್ರವೈದ್ಯ ಬಾಬ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಳ್ಳುತ್ತಾ ಕುಡಿಯದೆ ಉಳಿದರು. ಅಲ್ಲಿಂದ ಬೆಳೆದದ್ದು ಇದು. ಸದಸ್ಯರಾಗಲು ಒಂದೇ ಷರತ್ತು, ಕುಡಿತ ಬಿಡುವ ಆಸೆ ಇರಬೇಕು. ಫೀಸು ಇಲ್ಲ, ಅರ್ಜಿ ಇಲ್ಲ, ಆಧಾರ್ ಕೇಳುವುದಿಲ್ಲ. ಪೂರ್ತಿ ಹೆಸರನ್ನೂ ಹೇಳಬೇಕಿಲ್ಲ. ಬಾಡಿಗೆ, ಟೀ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಕೆಲಸ ಮಾಡುತ್ತದಾ ಎಂದು ಕೇಳುವವರಿಗೆ: ಯಾವ ಚಿಕಿತ್ಸೆ ಕೆಲಸ ಮಾಡುತ್ತದೆ ಎಂದು ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎ.ಎ. ದಾರಿ ಹಿಡಿದವರು ಬೇರೆ ಚಿಕಿತ್ಸೆ ಪಡೆದವರಷ್ಟೇ, ಕೆಲವು ಕಡೆ ಅವರಿಗಿಂತ ಚೆನ್ನಾಗಿ ನಿಂತಿದ್ದರು.

ಎರಡನೆಯದು ನಮ್ಮ ಕರ್ನಾಟಕದ್ದೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಅಲ್ಲೇ ಉಳಿಯಬೇಕು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಂಡು ಆಗಾಗ ಸಭೆ ಸೇರುತ್ತಾರೆ. ಜನ ಶಿಬಿರದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಈ ಸಮಿತಿ. ಎಂಟು ದಿನ ಎಲ್ಲರೂ ಕಾಯುತ್ತಾರೆ, ಒಂಬತ್ತನೇ ದಿನ ಮನೆಗೆ ಬಂದಾಗ ಯಾರಿದ್ದಾರೆ?

ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಎ.ಎ. ಗುಟ್ಟಾಗಿ ನಡೆಯುತ್ತದೆ. ಶಿಬಿರ ಊರೆದುರು ನಡೆಯುತ್ತದೆ, ಸಮಾರೋಪಕ್ಕೆ ಮನೆಯವರು, ಊರ ಹಿರಿಯರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಕೆಲವರಿಗೆ ಅದೇ ಬಲ. ಊರೇ ಸಾಕ್ಷಿಯಾದ ಮೇಲೆ ಬಾರ್ ಮೆಟ್ಟಿಲು ಹತ್ತಲು ಕಾಲು ಬರುವುದಿಲ್ಲ. ಕೆಲವರಿಗೆ ಅದೇ ಮರ್ಯಾದೆಯ ಪ್ರಶ್ನೆ. ಹೊನ್ನಾಳಿ ಕಡೆಯ ಹಳ್ಳಿಯ ರೈತನಿಗೆ ಒಗ್ಗುವುದು ಪಿ.ಜೆ. ಬಡಾವಣೆಯ ಬ್ಯಾಂಕ್ ನೌಕರನಿಗೆ ಒಗ್ಗಬೇಕೆಂದಿಲ್ಲ. ಶಿಬಿರದಲ್ಲಿ ಭಜನೆ, ಪ್ರಾರ್ಥನೆ ಇರುತ್ತದೆ. ಎ.ಎ.ಯಲ್ಲೂ ದೇವರ ಮಾತು ಬರುತ್ತದೆ, ಆದರೆ "ಅವರವರು ತಿಳಿದಂತೆ ದೇವರು" ಎಂಬುದು ಅಲ್ಲಿನ ನಿಯಮ. ದೇವರನ್ನು ನಂಬದವರೂ ಅಲ್ಲಿ ಕೂರುತ್ತಾರೆ.

ಮೂರನೆಯದು ಆಸ್ಪತ್ರೆ ಅಥವಾ ವ್ಯಸನಮುಕ್ತಿ ಕೇಂದ್ರದೊಳಗೆ ಸಮಾಲೋಚಕರು ನಡೆಸುವ ಗುಂಪು ಚರ್ಚೆ. ಚಿಕಿತ್ಸೆ ಪಡೆದು ಹೊರಬಂದವರೂ ಹೋಗಬಹುದಾ ಎಂದು ಕೇಳಿಕೊಳ್ಳಿ. ಕುಡಿತದ ಜೊತೆ ಗಾಂಜಾ, ಮಾತ್ರೆ ಕೂಡ ಇದ್ದರೆ ನಾರ್ಕೋಟಿಕ್ಸ್ ಅನಾನಿಮಸ್ ಎಂಬ ಇನ್ನೊಂದು ಕೂಟ ಇದೆ.

ಫೋನ್ ಹಿಡಿದು ಕೂರುವ ದಿನ

ಒಂದು ಬೆಳಿಗ್ಗೆ ಇದಕ್ಕೇ ಅಂತ ಬಿಡುವು ಮಾಡಿಕೊಳ್ಳಿ. ಸಂಜೆ ಬೇಡ, ಸಂಜೆ ಮನಸ್ಸು ಬೇರೆ ಕಡೆ ಎಳೆಯುತ್ತದೆ.

ಮೊದಲ ಕರೆ 14446. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಶುಲ್ಕ ಇಲ್ಲ. ಹತ್ತಿರದಲ್ಲಿ ಸರ್ಕಾರದ ನೆರವಿನಿಂದ ನಡೆಯುವ ವ್ಯಸನಮುಕ್ತಿ ಕೇಂದ್ರ ಯಾವುದಿದೆ ಎಂದು ಕೇಳಿ. ಎರಡನೆಯದು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ಕುಡಿಯಬೇಕು ಅನ್ನಿಸಿ ತಲೆ ಕೆಟ್ಟಾಗಲೂ ಇದೇ ನಂಬರ್. ಎರಡನ್ನೂ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ.

ಆಮೇಲೆ ಎ.ಎ.ಯ ಭಾರತದ ಜಾಲತಾಣ ತೆರೆಯಿರಿ. ಅಲ್ಲಿ ಸಹಾಯವಾಣಿ ನಂಬರ್ ಸಿಗುತ್ತದೆ. ಅದಕ್ಕೇ ಫೋನ್ ಮಾಡಿ. ಪಟ್ಟಿಯಲ್ಲಿ ಕಂಡ ವಿಳಾಸ ನಂಬಿ ಸೀದಾ ಹೊರಡಬೇಡಿ. ಚಿಕ್ಕ ಊರುಗಳಲ್ಲಿ ಗುಂಪುಗಳು ಜಾಗ ಬದಲಿಸುತ್ತವೆ, ದಿನ ಬದಲಿಸುತ್ತವೆ, ಕೆಲವೊಮ್ಮೆ ನಿಂತೇ ಹೋಗಿರುತ್ತವೆ. ಧೈರ್ಯ ಮಾಡಿ ಹೋದ ದಿನ ಬಾಗಿಲಿಗೆ ಬೀಗ ಇದ್ದರೆ ಎದುರಿನ ಬಾರ್ ಕರೆಯುತ್ತದೆ, ಅಲ್ವಾ?

ಫೋನಿನಲ್ಲಿ ಏನು ಹೇಳುವುದು ಎಂದೇ ತುಂಬಾ ಜನ ತಡೆಯುತ್ತಾರೆ. ಇಷ್ಟೇ ಸಾಕು:

"ನಮಸ್ಕಾರ ಸರ್. ನಾನು ದಾವಣಗೆರೆಯವನು. ಕುಡಿತ ಬಿಡಬೇಕು ಅಂತ ಇದ್ದೀನಿ. ನಮ್ಮ ಕಡೆ ಮೀಟಿಂಗ್ ಎಲ್ಲಿ ಆಗುತ್ತೆ?"

ಆ ಕಡೆ ಇರುವವರು ಇದೇ ದಾರಿಯಲ್ಲಿ ಬಂದವರು. ನಿಮ್ಮ ಹೆಸರಿಗಾಗಿ ಒತ್ತಾಯ ಮಾಡುವುದಿಲ್ಲ. ಅವರನ್ನು ಕೇಳಬೇಕಾದ್ದು: ವಾರದ ಯಾವ ದಿನ, ಎಷ್ಟು ಗಂಟೆಗೆ? ಈ ವಾರ ಖಂಡಿತ ಇದೆಯಾ? ಮಾತು ಕನ್ನಡದಲ್ಲಾ? ಬಸ್ ಇಳಿದು ಹೇಗೆ ಬರಬೇಕು, ಗುರುತು ಏನು? ಮನೆಯವರನ್ನು ಕರೆತರಬಹುದಾ? ಇವೆಲ್ಲಕ್ಕಿಂತ ಮುಖ್ಯವಾದದ್ದು: "ಬಾಗಿಲ ಹತ್ತಿರ ಯಾರಾದರೂ ನನಗೋಸ್ಕರ ನಿಂತಿರುತ್ತೀರಾ?" ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಅರ್ಧ ದಾರಿಯಿಂದ ವಾಪಸ್ ಬರುವುದು ಕಷ್ಟ.

ನವಜೀವನ ಸಮಿತಿಗಾಗಿ ನಿಮ್ಮ ತಾಲ್ಲೂಕಿನ ಗ್ರಾಮಾಭಿವೃದ್ಧಿ ಯೋಜನೆಯ ಕಚೇರಿಗೆ ಹೋಗಿ. ಸ್ವಸಹಾಯ ಸಂಘದಲ್ಲಿರುವ ಯಾವ ಅಕ್ಕನನ್ನು ಕೇಳಿದರೂ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಮುಂದಿನ ಶಿಬಿರ ಯಾವಾಗ ಎಂಬುದರ ಜೊತೆಗೆ, ಹಿಂದಿನ ಶಿಬಿರದವರ ಸಮಿತಿ ಈಗಲೂ ಸೇರುತ್ತಿದೆಯಾ ಎಂದು ಕೇಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರದಿಂದಲೇ ಆ ಊರಿನ ಕೆಲಸ ಹೇಗಿದೆ ಎಂದು ತಿಳಿದುಬಿಡುತ್ತದೆ.

ಹೀಗೇ ನೆನಪಾದದ್ದು: ಆಗಸ್ಟ್ 1ರಂದು ಸರ್ಕಾರ ವ್ಯಸನಮುಕ್ತ ದಿನ ಆಚರಿಸುತ್ತದೆ. ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಇಳಕಲ್ಲಿನ ಮಹಾಂತ ಶಿವಯೋಗಿಗಳ ಹುಟ್ಟಿದ ದಿನ ಅದು. ಭಾಷಣಗಳು ಉದ್ದ ಇರುತ್ತವೆ, ಆದರೆ ಈ ಕೆಲಸದಲ್ಲಿರುವ ಡಾಕ್ಟರು, ಅಧಿಕಾರಿ, ಸಂಸ್ಥೆಯವರು ಒಂದೇ ಕಡೆ ಸಿಗುವ ದಿನ. ನಂಬರ್ ತೆಗೆದುಕೊಳ್ಳಲು ಒಳ್ಳೆಯ ಅವಕಾಶ.

"ಯಾರಾದರೂ ನೋಡಿಬಿಟ್ಟರೆ?"

ಇದು ಸಣ್ಣ ಹೆದರಿಕೆ ಅಲ್ಲ. ಜಯದೇವ ಸರ್ಕಲ್‌ನಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ಯಾರಾದರೂ ಪರಿಚಯದವರು ಸಿಗುವ ಊರು ಇದು. ಹೆಣ್ಣು ಕೊಡುವ, ತರುವ ಮಾತು ನಡೆಯುತ್ತಿರುವ ಮನೆಯವರಿಗೆ ಇನ್ನೂ ಕಷ್ಟ.

ಆದರೆ ಒಂದು ಮಾತು. ಕುಡಿಯುವುದು ಊರಿಗೆ ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲ ಎಂದುಕೊಂಡಿರುವವರು ಕುಡಿಯುವವರು ಮಾತ್ರ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಪಕ್ಕದ ಊರಿನ ಮೀಟಿಂಗ್ ನೋಡಿ. ದಾವಣಗೆರೆಯವರಿಗೆ ಹರಿಹರ 14 ಕಿಲೋಮೀಟರ್, ಚಿತ್ರದುರ್ಗ ಸುಮಾರು 60. ಹೆದ್ದಾರಿಯಲ್ಲಿ ಬಸ್ಸಿಗೇನೂ ಬರವಿಲ್ಲ. ವಾಪಸ್ ಬರುವ ಬಸ್ಸಿನ ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ಕಾಯುತ್ತಾ ನಿಲ್ಲುವುದು ಹೊಸದಾಗಿ ಬಿಟ್ಟವರಿಗೆ ಒಳ್ಳೆಯದಲ್ಲ.

ಅಲ್ಲೇ ಪರಿಚಯದವರು ಸಿಕ್ಕರೆ? ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಎಂಬುದು ಎ.ಎ.ಯ ಕಟ್ಟುನಿಟ್ಟಿನ ರೂಢಿ. ಆಸ್ಪತ್ರೆಯಲ್ಲೂ ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಸೇರುತ್ತವೆ, ರೋಗಿಯ ವಿವರವನ್ನು ಗುಟ್ಟಾಗಿ ಇಡಬೇಕೆಂದು ಅದು ಹೇಳುತ್ತದೆ.

ಸಮಯ ಆರಿಸುವುದು

ನೀವು ಕುಡಿಯುವ ಹೊತ್ತಿಗೇ ನಡೆಯುವ ಮೀಟಿಂಗ್ ಎಲ್ಲಕ್ಕಿಂತ ಒಳ್ಳೆಯದು. ಎಪಿಎಂಸಿ ಯಾರ್ಡಿನಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಬಟವಾಡೆಯ ಸಂಜೆಯೇ ಗಂಡಾಂತರ. ಕೈಯಲ್ಲಿ ದುಡ್ಡು, ಜೊತೆಯಲ್ಲಿ ಗೆಳೆಯರು, ಮೈಯಲ್ಲಿ ನೋವು. ಆ ಸಂಜೆ ಮೀಟಿಂಗ್ ಇದ್ದರೆ ಅದನ್ನೇ ಹಿಡಿಯಿರಿ. ಆಗದಿದ್ದರೆ ಆ ಒಂದೂವರೆ ಗಂಟೆ ಗುಂಪಿನ ಒಬ್ಬರ ಜೊತೆ ಫೋನಿನಲ್ಲಾದರೂ ಇರಿ, ದುಡ್ಡು ಮನೆಗೆ ಸೇರುವ ಏರ್ಪಾಡು ಮಾಡಿ.

ಹೊರಡುವ ಮುಂಚೆ ಏನಾದರೂ ತಿನ್ನಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕು ಸೇರಿದಾಗ ಕುಡಿತ ಹತ್ತಿರ ಬರುತ್ತದೆ ಎಂದು ಬಿಟ್ಟವರು ಹೇಳುತ್ತಾರೆ. ಹಸಿವಿಗೆ ಒಂದು ತಟ್ಟೆ ಮಂಡಕ್ಕಿ ಮಿರ್ಚಿ ಸಾಕು.

ಮೊದಲ ದಿನ ಒಳಗೆ ಏನಾಗುತ್ತದೆ?

ಎ.ಎ.ಯಲ್ಲಿ ಓಪನ್, ಕ್ಲೋಸ್ಡ್ ಎಂದು ಎರಡು ಥರದ ಮೀಟಿಂಗ್ ಇವೆ. ಓಪನ್ ಆದರೆ ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕು ಎನ್ನುವವರಿಗೆ ಮಾತ್ರ. ಮೊದಲ ಸಲ ಓಪನ್ ಸಿಕ್ಕರೆ ಒಳ್ಳೆಯದು.

ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಒಬ್ಬರು ನಡೆಸುತ್ತಾರೆ, ಏನೋ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ. "ನನ್ನ ಹೆಸರು ಇಂಥದ್ದು, ನಾನು ಆಲ್ಕೋಹಾಲಿಕ್" ಎಂದು ಶುರು ಮಾಡುವುದು ರೂಢಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ಜನರಿಗೆ ಇದು ಹೊಸದು. ಮನೆಯಲ್ಲಿ, ಕಟ್ಟೆಯಲ್ಲಿ, ಮಠದಲ್ಲಿ ಎಲ್ಲರೂ ಬುದ್ಧಿ ಹೇಳಿ ಹೇಳಿ ಸಾಕಾಗಿರುತ್ತದೆ. ಇಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ ಸರದಿ ಬಂದಾಗ "ಇವತ್ತು ಸುಮ್ನೆ ಕೇಳ್ತೀನಿ" ಎಂದರೂ ಆಯಿತು. ಕುಡಿದು ಹೋದರೂ ಹೊರಗೆ ಹಾಕುವುದು ಕಡಿಮೆ, ಸುಮ್ಮನೆ ಕೂತು ಕೇಳಲು ಹೇಳುತ್ತಾರೆ. ಮುಗಿದ ಕೂಡಲೇ ಓಡಬೇಡಿ. ನಿಜವಾದ ಮಾತು ಶುರುವಾಗುವುದು ಟೀ ಹೊತ್ತಿನಲ್ಲಿ, ಚಪ್ಪಲಿ ಹಾಕಿಕೊಳ್ಳುವಾಗ. ಇಬ್ಬರ ಫೋನ್ ನಂಬರ್ ಕೇಳಿ ಪಡೆದುಕೊಳ್ಳಿ. ಬಿಟ್ಟು ಕೆಲವು ವರ್ಷ ಆದವರದ್ದು ಒಂದು, ಇತ್ತೀಚೆಗೆ ಬಿಟ್ಟವರದ್ದು ಒಂದು. ಹಳಬರಿಗೆ ದಾರಿ ಗೊತ್ತು, ಹೊಸಬರಿಗೆ ನಿಮ್ಮ ಇವತ್ತಿನ ಸಂಕಟ ಗೊತ್ತು.

ಇದು ನನಗೆ ಹೊಂದುತ್ತದಾ?

ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ. ಮೊದಲ ದಿನ ಎಲ್ಲರೂ ವಿಚಿತ್ರವಾಗಿಯೇ ಕಾಣುತ್ತಾರೆ. ನಾಲ್ಕೈದು ಸಲ ಹೋಗಿ, ಆಮೇಲೆ ಯೋಚಿಸಿ. ಕಥೆ ಕೇಳುವಾಗ "ನಾನು ಇವನಷ್ಟು ಕೆಟ್ಟಿಲ್ಲ" ಎಂದು ಲೆಕ್ಕ ಹಾಕುವ ಚಾಳಿ ಎಲ್ಲರಿಗೂ ಇರುತ್ತದೆ. ಅದನ್ನು ಬಿಟ್ಟು, ಎಲ್ಲಿ ನನ್ನದೇ ಕಥೆ ಕೇಳಿದಂತಾಯಿತು ಎಂದು ನೋಡಿ. ಮನೆಗೆ ಬರುವಾಗ ಎದೆ ಸ್ವಲ್ಪ ಹಗುರ ಆಗಿದೆಯಾ? ಹೇಳಿಕೊಳ್ಳಬಹುದು ಅನ್ನಿಸಿದ ಒಬ್ಬರಾದರೂ ಅಲ್ಲಿದ್ದಾರಾ? ಇದ್ದರೆ ಸಾಕು. ಕುರ್ಚಿ ಮುರಿದಿದೆ, ಫ್ಯಾನ್ ಓಡುವುದಿಲ್ಲ, ಒಬ್ಬರು ಜಾಸ್ತಿ ಮಾತಾಡುತ್ತಾರೆ ಎಂಬುದಕ್ಕೆಲ್ಲ ಬಿಡಬೇಡಿ.

ಬಿಡಲೇಬೇಕಾದ ಕಾರಣಗಳು ಬೇರೆ. ಸೇರಲು ದುಡ್ಡು ಕೇಳಿದರೆ ಅದು ಎ.ಎ. ಅಲ್ಲ. ಯಾರಾದರೂ ಸಾಲ ಕೇಳಿದರೆ, ಚೀಟಿ, ಇನ್ಶೂರೆನ್ಸ್ ಮಾರಿದರೆ ದೂರ ಇರಿ. ನಿಮ್ಮ ಫೋಟೊ ಕೇಳದೆ ವಾಟ್ಸಾಪ್‌ಗೆ ಹಾಕಿದರೆ ನೇರವಾಗಿ ಬೇಡ ಎನ್ನಿ. "ಡಾಕ್ಟರ್ ಕೊಟ್ಟ ಮಾತ್ರೆ ಬಿಡು, ಅದೂ ಒಂದು ಚಟವೇ" ಎಂದು ಹೇಳುವವರು ಕೆಲವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಸದಸ್ಯರು ಡಾಕ್ಟರ್ ಆಗಬಾರದು ಎಂಬುದು ಎ.ಎ.ಯದ್ದೇ ನಿಲುವು. ಗೋಡೆ ಮೇಲಿನ "ಒಂದೇ ವಾರದಲ್ಲಿ ಗ್ಯಾರಂಟಿ" ಜಾಹೀರಾತುಗಳನ್ನೂ, ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವ ಕೇಂದ್ರಗಳನ್ನೂ ನಂಬಬೇಡಿ. ಸರಪಳಿ ಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ, ಕಾನೂನಿಗೂ ವಿರುದ್ಧ.

ಹಿಡಿಸಿದ ಮೇಲೆ ಸ್ಪಾನ್ಸರ್ ಒಬ್ಬರನ್ನು ಹುಡುಕಿಕೊಳ್ಳಿ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳನ್ನು ಜೊತೆಗಿದ್ದು ದಾಟಿಸುವ ಹಳೆಯ ಸದಸ್ಯರಿಗೆ ಆ ಹೆಸರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರುವುದು ರೂಢಿ. ಯಾರ ಬಾಳು ನೋಡಿ "ಹೀಗಿದ್ದರೆ ಸಾಕು" ಅನ್ನಿಸುತ್ತದೋ ಅವರನ್ನು ಕೇಳಿ. ಚೆನ್ನಾಗಿ ಮಾತಾಡುವವರೆಲ್ಲ ಒಳ್ಳೆಯ ಸ್ಪಾನ್ಸರ್ ಆಗುವುದಿಲ್ಲ.

ಹೆಂಗಸರಿಗೆ, ಮನೆಯವರಿಗೆ

ಕುಡಿಯುವ ಹೆಂಗಸರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತಾರೆ. ಹಾಗಾಗಿ ಅವರಿಗೆ ದಾರಿ ಇನ್ನೂ ಕಡಿದು. ಫೋನ್ ಮಾಡಿದಾಗ "ನಿಮ್ಮ ಗುಂಪಲ್ಲಿ ಹೆಂಗಸರು ಇದ್ದಾರಾ? ಹೆಂಗಸರೊಬ್ಬರ ಜೊತೆ ಮಾತಾಡಬಹುದಾ?" ಎಂದು ಕೇಳಿ. ಊರಲ್ಲಿ ಇಲ್ಲದಿದ್ದರೆ ಹೆಂಗಸರೇ ಸೇರುವ ಆನ್‌ಲೈನ್ ಮೀಟಿಂಗ್‌ಗಳಿವೆ. ಕ್ಯಾಮೆರಾ ಆಫ್ ಮಾಡಿ ಕೂರಬಹುದು, ಬೇರೆ ಹೆಸರು ಹಾಕಿಕೊಳ್ಳಬಹುದು.

ಗಂಡನೋ ಮಗನೋ ಕುಡಿಯುತ್ತಿದ್ದರೆ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟ ಇದೆ. 1951ರಿಂದ ನಡೆದು ಬಂದಿದೆ. ಕುಡಿಯುವವರು ಬರಲಿ ಬಿಡಲಿ, ಅವರನ್ನು ಕೇಳದೆ ನೀವು ಹೋಗಬಹುದು. ಎಷ್ಟೋ ಮನೆಗಳಲ್ಲಿ ಹೆಂಡತಿ ಮೊದಲು ಹೋಗುತ್ತಾಳೆ, ಗಂಡ ಆಮೇಲೆ ಬರುತ್ತಾನೆ. ಮೀಟಿಂಗ್ ವಿಷಯ ಎತ್ತುವುದಾದರೆ ಬೆಳಿಗ್ಗೆ ಎತ್ತಿ, ಅಮಲು ಇಳಿದಿರುವಾಗ, ಮಕ್ಕಳ ಎದುರು ಬೇಡ.

ಗೊತ್ತಿಲ್ಲದಂತೆ ಸಾರಿನಲ್ಲಿ ಮಾತ್ರೆ ಬೆರೆಸಿ ಕೊಡುವ ಕೆಲಸ ಮಾತ್ರ ಖಂಡಿತ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಆಗುತ್ತದೆ, ಬಿಪಿ ಬಿದ್ದು ಪ್ರಾಣವೂ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರುತ್ತದೆ. ಅದನ್ನು ಡಾಕ್ಟರೇ ಕೊಡಬೇಕು, ತೆಗೆದುಕೊಳ್ಳುವವರಿಗೆ ತಿಳಿದಿರಬೇಕು.

ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ

ಮೊಳಕಾಲ್ಮೂರಿನಲ್ಲಿ ಕೂತವರು ವಾರಕ್ಕೆ ಎರಡು ಸಲ ದಾವಣಗೆರೆಗೆ ಬರಲು ಆಗುವುದಿಲ್ಲ. ತಿಂಗಳಿಗೊಮ್ಮೆ ಖುದ್ದಾಗಿ, ಉಳಿದ ದಿನ ಆನ್‌ಲೈನ್, ನಡುವೆ ಫೋನ್ ಎಂದು ಹೊಂದಿಸಿಕೊಳ್ಳಿ. ಕನ್ನಡದ ಆನ್‌ಲೈನ್ ಮೀಟಿಂಗ್ ಯಾವುದಿದೆ ಎಂದು ಸಹಾಯವಾಣಿಯಲ್ಲೇ ಕೇಳಿ. ಮನೆಯಲ್ಲಿ ಒಂಟಿ ಜಾಗ ಇಲ್ಲದಿದ್ದರೆ ಇಯರ್‌ಫೋನ್ ಹಾಕಿಕೊಂಡು ಹೊಲದ ಕಡೆ ನಡೆಯಿರಿ.

ಊರಲ್ಲೇ ಬಿಡಬೇಕೆನ್ನುವ ಇನ್ನೊಬ್ಬರು ಸಿಕ್ಕರೆ ನೀವೇ ಶುರು ಮಾಡಬಹುದು. ಇಬ್ಬರಿದ್ದರೂ ಎ.ಎ.ಯಲ್ಲಿ ಅದು ಮೀಟಿಂಗೇ. ಶಾಲೆಯ ಹೆಡ್‌ಮಾಸ್ಟರನ್ನೋ ಗ್ರಂಥಾಲಯದವರನ್ನೋ ಕೇಳಿ ವಾರಕ್ಕೊಂದು ಸಂಜೆ ಒಂದು ಕೊಠಡಿ ಪಡೆಯಿರಿ. ಬಾರ್ ಇರುವ ಬೀದಿ ಬೇಡ. ಎ.ಎ. ಕಚೇರಿಗೆ ತಿಳಿಸಿದರೆ ಓದಲು ಪುಸ್ತಕ ಎಲ್ಲಿ ಸಿಗುತ್ತದೆ, ನಡೆಸುವುದು ಹೇಗೆ ಎಂದು ಹೇಳಿಕೊಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೂ ಒಂದು ಚೀಟಿಯಲ್ಲಿ ವಾರ, ಸಮಯ, ಜಾಗ ಬರೆದು ಕೊಡಿ. ಮುಂದಿನ ಮಂಗಳವಾರ ಕ್ಲಿನಿಕ್‌ಗೆ ಬಂದವರನ್ನು ಅವರು ನಿಮ್ಮ ಕಡೆ ಕಳಿಸಬಹುದು.